ಮೋಡದ ಅಲೆಗಳನ್ನು ಓದುವುದು ಹೇಗೆ? ಹತ್ತು ನಿಮಿಷ, ಒಂದು ಮುಷ್ಟಿ, ಒಂದು ಫೋನ್ ಸಾಕು

ಆಕಾಶದಲ್ಲಿ ಮೋಡ ಗೆರೆ ಗೆರೆಯಾಗಿ, ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ಸಾಲು ಹಿಡಿದಿರುವುದನ್ನು ನೀವು ನೋಡಿಯೇ ಇರುತ್ತೀರಿ. ಫೋಟೋ ತೆಗೆಯುತ್ತೇವೆ, ಸ್ಟೇಟಸ್ ಹಾಕುತ್ತೇವೆ, ಮರೆತುಬಿಡುತ್ತೇವೆ. ಆದರೆ ಅದೇ ಗೆರೆಗಳನ್ನು ಸ್ವಲ್ಪ ತಾಳ್ಮೆಯಿಂದ ನೋಡಿದರೆ ಮೇಲೆ ಗಾಳಿ ಎಷ್ಟು ಜೋರಾಗಿದೆ, ಯಾವ ಕಡೆಗೆ ಬೀಸುತ್ತಿದೆ, ಎಲ್ಲಿ ಅದರ ವೇಗ ಇದ್ದಕ್ಕಿದ್ದಂತೆ ಬದಲಾಗುತ್ತಿದೆ ಅನ್ನುವುದನ್ನೆಲ್ಲ ನೆಲದ ಮೇಲೆ ನಿಂತೇ ಅಂದಾಜು ಮಾಡಬಹುದು. ಉಪಕರಣ ಏನೂ ಬೇಡ. ಚಾಚಿದ ಕೈ, ಗಡಿಯಾರ, ಫೋನ್ ಇದ್ದರೆ ಆಯಿತು.

ಒಂದು ವಿಷಯ ಮೊದಲೇ ತಲೆಯಲ್ಲಿ ಕೂತುಬಿಡಲಿ. ಅಲೆ ಇರುವುದು ಗಾಳಿಯಲ್ಲಿ, ಮೋಡದಲ್ಲಲ್ಲ. ಮೋಡ ಬರೀ ಗುರುತು. ಗಾಳಿಯಲ್ಲಿ ಅಲೆ ಏಳುವುದು ಅಪರೂಪವೇನಲ್ಲ, ತೇವ ಸಾಲದ ದಿನ ಅದು ಯಾರಿಗೂ ಕಾಣದೆ ನೂರಾರು ಕಿಲೋಮೀಟರ್ ಹೋಗಿಬಿಡುತ್ತದೆ. ಹಾಗಾಗಿ ಮೋಡ ನೋಡುವಾಗ ಪ್ರತಿ ಸಲ ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಚಲಿಸುತ್ತಿರುವುದು ಮೋಡವಾ, ಇಲ್ಲಾ ಅದರ ಆಕಾರವಾ? ಕೆಳಗಿನ ಎಲ್ಲ ಹಂತಗಳೂ ಸುತ್ತಿ ಬಳಸಿ ಈ ಪ್ರಶ್ನೆಗೇ ಬರುತ್ತವೆ.

ಹಂತ 1: ಗಾಳಿ ಯಾಕೆ ತೂಗುತ್ತದೆ, ತಿಳಿದುಕೊಳ್ಳಿ

ಈ ಭಾಗ ಬಿಟ್ಟು ಮುಂದೆ ಹೋಗಬೇಡಿ. ಇದು ಗೊತ್ತಿಲ್ಲದಿದ್ದರೆ ಮುಂದಿನದೆಲ್ಲ ಬರೀ ಬಾಯಿಪಾಠ.

ಗಾಳಿಯ ಒಂದು ಭಾಗವನ್ನು ಮೇಲಕ್ಕೆ ತಳ್ಳಿದರೆ ಅದು ಹಿಗ್ಗುತ್ತದೆ, ಹಿಗ್ಗಿದ್ದಕ್ಕೆ ತಣ್ಣಗಾಗುತ್ತದೆ. ಹನಿ ಕಟ್ಟುವ ತನಕ ಈ ಲೆಕ್ಕ ಪಕ್ಕಾ: ಕಿಲೋಮೀಟರಿಗೆ 9.8 ಡಿಗ್ರಿ ಸೆಲ್ಸಿಯಸ್. ಆದರೆ ಸುತ್ತಲಿನ ವಾತಾವರಣ ಮೇಲೆ ಹೋದಂತೆ ಅಷ್ಟು ಬೇಗ ತಣ್ಣಗಾಗುವುದಿಲ್ಲ, ಸರಾಸರಿ ಕಿಲೋಮೀಟರಿಗೆ 6.5 ಡಿಗ್ರಿ ಅಷ್ಟೇ. ಈಗ 500 ಮೀಟರ್ ಮೇಲೆ ಹೋದ ಗಾಳಿಯನ್ನು ನೋಡಿ. ಅದು 4.9 ಡಿಗ್ರಿ ತಣ್ಣಗಾಗಿದೆ, ಆ ಎತ್ತರದಲ್ಲಿ ಮೊದಲೇ ಇದ್ದ ಗಾಳಿ ಕೆಳಗಿನದಕ್ಕಿಂತ ಸುಮಾರು 3.3 ಡಿಗ್ರಿ ಮಾತ್ರ ತಂಪು. ಅಂದರೆ ನಮ್ಮ ಗಾಳಿ ಅಕ್ಕಪಕ್ಕದ್ದಕ್ಕಿಂತ ಒಂದೂವರೆ ಡಿಗ್ರಿಗೂ ಜಾಸ್ತಿ ತಂಪು, ಹಾಗಾಗಿ ಭಾರ. ಭಾರ ಆದ ಮೇಲೆ ಕೆಳಗೆ ಬರಲೇಬೇಕಲ್ವಾ? ಬರುತ್ತದೆ. ಆದರೆ ಬಂದ ವೇಗಕ್ಕೆ ತನ್ನ ಹಳೆಯ ಜಾಗದಲ್ಲಿ ನಿಲ್ಲಲಾಗದೆ ಇನ್ನೂ ಕೆಳಗೆ ಇಳಿಯುತ್ತದೆ. ಅಲ್ಲಿ ಅದು ಸುತ್ತಲಿಗಿಂತ ಬೆಚ್ಚಗೆ, ಹಗುರ. ಮತ್ತೆ ಮೇಲೆ. ಹೀಗೆ ತೂಗುತ್ತಲೇ ಇರುತ್ತದೆ.

ಒಂದು ಸಲ ಮೇಲೆ ಹೋಗಿ ಕೆಳಗೆ ಬಂದು ಮೊದಲಿನ ಜಾಗಕ್ಕೆ ಸೇರಲು ಎಷ್ಟು ಹೊತ್ತು? ಮೇಲೆ ಹೇಳಿದ ಸರಾಸರಿ ವಾತಾವರಣದಲ್ಲಿ ಹೆಚ್ಚುಕಡಿಮೆ ಹತ್ತು ನಿಮಿಷ. ಮೇಲೆ ಹೋದಂತೆ ಉಷ್ಣತೆ ಬದಲಾಗದೆ ಹಾಗೇ ಇರುವ ಪದರವಾದರೆ ಐದೂವರೆ ನಿಮಿಷ. ಮೇಲೆ ಹೋದಂತೆ ಬೆಚ್ಚಗೇ ಆಗುವ ಪದರವೂ ಇರುತ್ತದೆ, ಅದಕ್ಕೆ ಇನ್‌ವರ್ಷನ್ ಎನ್ನುತ್ತಾರೆ, ಅಲ್ಲಿ ತೂಗಾಟ ಇನ್ನೂ ಚುರುಕು. ಈ ಹತ್ತು ನಿಮಿಷದ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ತೂಗಾಟ ಪಕ್ಕಕ್ಕೆ ಹರಡಿದಾಗ ಅದೇ ಅಲೆ. ಹವಾಮಾನದವರು ಇದನ್ನು ಗ್ರಾವಿಟಿ ವೇವ್ ಅನ್ನುತ್ತಾರೆ. ಕಪ್ಪುಕುಳಿಗಳು ಡಿಕ್ಕಿ ಹೊಡೆದಾಗ ಏಳುವ ಅಲೆಗೂ ಇದಕ್ಕೂ ಏನೇನೂ ಸಂಬಂಧವಿಲ್ಲ.

ಇನ್ನು ಮೋಡ. ಏರುವ ಗಾಳಿ ಇಬ್ಬನಿ ಬಿಂದುವಿನ ತನಕ ತಣ್ಣಗಾದರೆ ಆವಿ ಹನಿಯಾಗುತ್ತದೆ, ಮೋಡ ಕಾಣುತ್ತದೆ. ಇಳಿಯುವಾಗ ಬೆಚ್ಚಗಾಗಿ ಹನಿ ಮತ್ತೆ ಆವಿ, ಮೋಡ ಮಾಯ. ಉಷ್ಣತೆಗೂ ಇಬ್ಬನಿ ಬಿಂದುವಿಗೂ ಒಂದೇ ಡಿಗ್ರಿ ವ್ಯತ್ಯಾಸ ಇರುವ ಗಾಳಿಗೆ 125 ಮೀಟರ್ ಏರಿದರೂ ಸಾಕು, ಮೋಡ ಕಟ್ಟುತ್ತದೆ. ಹಾಗಾಗಿಯೇ ಅಲೆಯ ನೆತ್ತಿಯಲ್ಲಿ ಬಿಳಿ ಗೆರೆ, ತಗ್ಗಿನಲ್ಲಿ ನೀಲಿ ಬಾನು. ಇಡೀ ಪದರವೇ ತೇವದಿಂದ ತುಂಬಿದ್ದರೆ ತಗ್ಗಿನಲ್ಲೂ ಮೋಡ ಉಳಿಯುತ್ತದೆ, ಆಗ ನಿಮಗೆ ಕಾಣುವುದು ನೀಲಿ ಬಿಳಿ ಪಟ್ಟೆಯಲ್ಲ, ದಪ್ಪ ತೆಳು ಪಟ್ಟೆ, ಅಂದರೆ ಬೂದು ಗೆರೆ, ಬೆಳ್ಳಗಿನ ಗೆರೆ. ಎರಡೂ ಅಲೆಯೇ.

ಹಂತ 2: ಹತ್ತು ನಿಮಿಷ ನಿಂತು ನೋಡಿ

ಅಲುಗಾಡದ ಏನಾದರೂ ಒಂದನ್ನು ಹುಡುಕಿ. ಕಂಬ, ಕಟ್ಟಡದ ಮೂಲೆ, ಯಾವುದಾದರೂ ಸರಿ. ಸೂರ್ಯ ಅದರ ಹಿಂದೆ ಮರೆಯಾಗಿರುವಂತೆ ನಿಂತರೆ ಕಣ್ಣಿಗೂ ಕ್ಷೇಮ. ಒಂದು ಗೆರೆಯ ಅಂಚನ್ನು ಆ ಮೂಲೆಗೆ ತಾಗಿಸಿ ನಿಲ್ಲಿ, ತಲೆ ಆಡಿಸಬೇಡಿ.

ಮೂರರಲ್ಲಿ ಒಂದು ಆಗುತ್ತದೆ.

ಗೆರೆ ಇದ್ದಲ್ಲೇ ಇದೆ, ಆದರೆ ಅದರೊಳಗಿನ ಸಣ್ಣ ಎಳೆಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡುತ್ತಿವೆ. ಇದು ನಿಂತ ಅಲೆ. ಗಾಳಿ ಅದರೊಳಗಿಂದ ಹಾದು ಹೋಗುತ್ತಿದೆ. ಗಾಳಿ ಬರುವ ಕಡೆಯ ಅಂಚಿನಲ್ಲಿ ಮೋಡ ಹೊಸದಾಗಿ ಹುಟ್ಟುತ್ತಿರುತ್ತದೆ, ಹೋಗುವ ಕಡೆಯ ಅಂಚಿನಲ್ಲಿ ಕರಗುತ್ತಿರುತ್ತದೆ. ಹತ್ತು ನಿಮಿಷದ ಹಿಂದೆ ಅಲ್ಲಿದ್ದ ಹನಿಗಳಲ್ಲಿ ಒಂದೂ ಈಗ ಅಲ್ಲಿರಲಿಕ್ಕಿಲ್ಲ, ಆದರೆ ಮೋಡ ಮಾತ್ರ ಕದಲಿಲ್ಲ. ಇದನ್ನು ಒಂದು ಸಲ ಕಣ್ಣಾರೆ ಗುರುತಿಸಿಬಿಟ್ಟರೆ ಆಮೇಲೆ ಮೋಡ ಅಂದರೆ ಗಾಳಿಯಲ್ಲಿ ತೇಲುವ ವಸ್ತು ಅನ್ನುವ ಭಾವನೆಯೇ ಹೋಗಿಬಿಡುತ್ತದೆ.

ಎರಡನೆಯದು: ಗೆರೆಯೂ ಒಳಗಿನ ಎಳೆಗಳೂ ಜೊತೆಯಾಗಿ, ಒಂದೇ ವೇಗದಲ್ಲಿ ಸಾಗುತ್ತಿವೆ. ಆಗ ಗಾಳಿ ಅಲೆಯನ್ನು ಹೊತ್ತುಕೊಂಡು ಹೋಗುತ್ತಿದೆ ಎಂದರ್ಥ. ನೆತ್ತಿಯ ಮೇಲೆ ಕಾಣುವ ಸಣ್ಣ ಸಣ್ಣ ಗೆರೆಗಳಲ್ಲಿ ಹೆಚ್ಚಿನವು ಈ ಜಾತಿ.

ಮೂರನೆಯದು ಸ್ವಲ್ಪ ವಿಚಿತ್ರ. ಮೋಡದ ಹಾಸು ಒಂದು ವೇಗದಲ್ಲಿ, ಅದರ ಮೇಲಿನ ಪಟ್ಟೆಗಳು ಬೇರೆ ವೇಗದಲ್ಲಿ, ಕೆಲವೊಮ್ಮೆ ಬೇರೆ ದಿಕ್ಕಿಗೇ ಹೋಗುತ್ತಿರುತ್ತವೆ. ದೂರದಲ್ಲಿ ಗುಡುಗುಮೋಡವೊಂದು ಎದ್ದು ಮೇಲಿನ ಸ್ಥಿರವಾದ (ಅಂದರೆ ಮೇಲೆ ತಳ್ಳಿದರೆ ಹಳೆಯ ಜಾಗಕ್ಕೇ ಮರಳುವ) ಗಾಳಿಗೆ ಗುದ್ದಿದಾಗ ಅಲ್ಲಿಂದ ಅಲೆಗಳು ಹೊರಟು ಹೀಗೆ ಹಾಸಿನ ಮೇಲೆ ಹಾದುಹೋಗುತ್ತವೆ. ಮೋಡ ಒಂದು ಕಡೆಗೆ, ಅಲೆ ಇನ್ನೊಂದು ಕಡೆಗೆ. ಬರಿಗಣ್ಣಿಗೆ ಇದು ಸಿಗುವುದು ಕಷ್ಟ, ಹಂತ 7ರಲ್ಲಿ ಹೇಳಿರುವ ಟೈಮ್‌ಲ್ಯಾಪ್ಸ್ ಬೇಕು.

ಹಂತ 3: ಮುಷ್ಟಿ ಹಿಡಿದು ಅಳೆಯಿರಿ

ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ ಕೋನ. ಕಿರುಬೆರಳು 1 ಡಿಗ್ರಿ. ನಡುವಿನ ಮೂರು ಬೆರಳು ಸೇರಿಸಿದರೆ 5 ಡಿಗ್ರಿ. ದೊಡ್ಡವರಿಗೆ ಕೈ ಉದ್ದ, ಮುಷ್ಟಿಯೂ ದೊಡ್ಡದು, ಹಾಗಾಗಿ ಎಲ್ಲರಿಗೂ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ.

ಮೊದಲು ಎತ್ತರದ ಅಂದಾಜು. ದಿಗಂತದಿಂದ ಮೂರು ಮುಷ್ಟಿಗಿಂತ ಮೇಲಿರುವ ಮೋಡವನ್ನೇ ಆರಿಸಿ. ಒಂದೊಂದು ಮೋಡದ ಚೂರು ಕಿರುಬೆರಳಿನ ಹಿಂದೆ ಮುಚ್ಚಿಹೋಗುವಷ್ಟು ಸಣ್ಣದಾಗಿದ್ದರೆ ಅದು ಸಿರೋಕ್ಯುಮುಲಸ್, ಬಹಳ ಮೇಲಿನದು, 8 ಕಿಲೋಮೀಟರ್ ಅಂದುಕೊಳ್ಳಿ. ಒಂದರಿಂದ ಐದು ಡಿಗ್ರಿ ಇದ್ದರೆ ಆಲ್ಟೋಕ್ಯುಮುಲಸ್, ಸುಮಾರು 4 ಕಿಲೋಮೀಟರ್. ಮೂರು ಬೆರಳಿಗೂ ದೊಡ್ಡದಿದ್ದರೆ ಸ್ಟ್ರಾಟೋಕ್ಯುಮುಲಸ್, 2 ಕಿಲೋಮೀಟರಿಗಿಂತ ಕೆಳಗೆ. ಒರಟು ಲೆಕ್ಕ, ಒಪ್ಪುತ್ತೇನೆ. ಆದರೆ ನಮಗೆ ಬೇಕಾದ ತೀರ್ಮಾನಕ್ಕೆ ಇಷ್ಟು ಸಾಕು.

ಈಗ ನೇರ ನೆತ್ತಿಯ ಮೇಲೆ ಒಂದು ಗೆರೆಯ ನಡುವಿನಿಂದ ಮುಂದಿನ ಗೆರೆಯ ನಡುವಿನ ತನಕ ಎಷ್ಟು ಮುಷ್ಟಿ ನೋಡಿ. ನೆತ್ತಿಯಲ್ಲಿ ಒಂದು ಮುಷ್ಟಿ ಅಂದರೆ ಮೋಡದ ಎತ್ತರದ ಆರನೇ ಒಂದು ಭಾಗಕ್ಕಿಂತ ತುಸು ಜಾಸ್ತಿ. 4 ಕಿಲೋಮೀಟರ್ ಎತ್ತರವಾದರೆ 700 ಮೀಟರ್. 8 ಕಿಲೋಮೀಟರಿಗೆ 1.4 ಕಿಲೋಮೀಟರ್. ದಿಗಂತದ ಹತ್ತಿರ ಅಳೆಯಲು ಹೋಗಬೇಡಿ, ಅಲ್ಲಿ ಗೆರೆಗಳು ದೂರಕ್ಕೆ ಒತ್ತೊತ್ತಾಗಿ ಕಾಣುತ್ತವೆ, ಲೆಕ್ಕ ಹಾಳಾಗುತ್ತದೆ.

ವೇಗವೂ ಇದರಲ್ಲೇ ಸಿಗುತ್ತದೆ. 4 ಕಿಲೋಮೀಟರ್ ಎತ್ತರದ ಒಂದು ಗೆರೆ ಒಂದು ಮುಷ್ಟಿ ದಾಟಲು 70 ಸೆಕೆಂಡ್ ತೆಗೆದುಕೊಂಡರೆ ಅದು ಸೆಕೆಂಡಿಗೆ 10 ಮೀಟರ್ ಹೋಗುತ್ತಿದೆ, ಗಂಟೆಗೆ 36 ಕಿಲೋಮೀಟರ್. ಹಾಂ, ಈ 70 ಸೆಕೆಂಡನ್ನು ಗಾಳಿ ತೂಗುವ ಅವಧಿ ಅಂದುಕೊಂಡುಬಿಡಬೇಡಿ. ಇದು ಬರೀ ಗೆರೆಗಳು ನಿಮ್ಮ ತಲೆಯ ಮೇಲೆ ಹಾದುಹೋಗುವ ಲೆಕ್ಕ.

ಹಂತ 4: ಗೆರೆ ಸಣ್ಣದಾ, ದೊಡ್ಡದಾ? ಇಲ್ಲೇ ದಾರಿ ಎರಡಾಗುವುದು

ಹೆಚ್ಚಿನವರು ತಪ್ಪುವುದು ಇಲ್ಲಿ. ಬೆಟ್ಟದ ಹತ್ತಿರ ನಿಂತು ನೆತ್ತಿಯ ಮೇಲೆ ಸಣ್ಣ ಗೆರೆ ಕಂಡ ಕೂಡಲೇ "ಓ, ಬೆಟ್ಟದಿಂದ ಎದ್ದ ಅಲೆ" ಅಂದುಬಿಡುತ್ತಾರೆ. ಲೆಕ್ಕ ಹಾಕಿ ನೋಡೋಣ.

ಗಾಳಿ ಬೆಟ್ಟ ಹತ್ತಿ ಇಳಿದ ಮೇಲೆ ತೂಗಲು ಶುರು ಮಾಡುತ್ತದೆ. ಒಂದು ತೂಗಾಟಕ್ಕೆ ಹತ್ತು ನಿಮಿಷ, ಅಂದರೆ 600 ಸೆಕೆಂಡ್. ಗಾಳಿಯ ವೇಗ ಸೆಕೆಂಡಿಗೆ 20 ಮೀಟರ್ ಇದ್ದರೆ ಅಷ್ಟರಲ್ಲಿ ಅದು 12 ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಅಲೆಯ ಎರಡು ನೆತ್ತಿಗಳ ನಡುವಿನ ಅಂತರ ಅದೇ, 12 ಕಿಲೋಮೀಟರ್. 4 ಕಿಲೋಮೀಟರ್ ಎತ್ತರದಲ್ಲಿ ಇಷ್ಟು ಅಂತರ ಇದ್ದರೆ ಅದು ನೆಲದಿಂದ ನೋಡುವವರಿಗೆ ಹನ್ನೊಂದು ಮುಷ್ಟಿಗೂ ಜಾಸ್ತಿ. ಆಕಾಶದ ಈ ತುದಿಯಿಂದ ಆ ತುದಿಯವರೆಗೆ ಇರುವುದೇ ಹದಿನೆಂಟು ಮುಷ್ಟಿ! ಅಂದರೆ ಬೆಟ್ಟದ ಅಲೆ ನಿಮಗೆ ಸಾಲು ಸಾಲು ಗೆರೆಯಾಗಿ ಕಾಣುವುದೇ ಇಲ್ಲ. ಒಂದೋ ಎರಡೋ ದೊಡ್ಡ ಪಟ್ಟಿಯಾಗಿ, ನಡುವೆ ದೊಡ್ಡ ಖಾಲಿ ಜಾಗ ಬಿಟ್ಟು ಕಾಣುತ್ತದೆ. ಇಡೀ ಸಾಲು ನೋಡಬೇಕಾದರೆ ಉಪಗ್ರಹದ ಚಿತ್ರವೇ ಗತಿ.

ನೆತ್ತಿಯ ಮೇಲೆ ಒಂದೆರಡು ಮುಷ್ಟಿ ಅಂತರದ ಗೆರೆಗಳಿದ್ದರೆ ಅವು ಹುಟ್ಟಿದ್ದು ಬೇರೆ ರೀತಿ: ಎರಡು ಗಾಳಿ ಪದರಗಳು ಬೇರೆ ಬೇರೆ ವೇಗದಲ್ಲಿ ಒಂದರ ಮೇಲೊಂದು ಜಾರುವುದರಿಂದ. ದೊಡ್ಡ ಅಂತರದ್ದಾದರೆ ಹಂತ 5, ಸಣ್ಣದಾದರೆ ನೇರ ಹಂತ 6 ನೋಡಿ.

ಹಂತ 5: ನಿಂತ ಅಲೆ, ಬೆಟ್ಟದ ಅಲೆ

ಹೊಳೆಯ ನೀರು ಮುಳುಗಿದ ಬಂಡೆ ಹತ್ತಿ ಇಳಿದ ಮೇಲೆ ಬಂಡೆಯ ಕೆಳಗಡೆ ಅಲೆಗಳು ಇದ್ದಲ್ಲೇ ನಿಂತಿರುತ್ತವೆ, ನೀರು ಮಾತ್ರ ಓಡುತ್ತಿರುತ್ತದೆ. ಇಲ್ಲೂ ಅಷ್ಟೇ. ಅಲೆ ಗಾಳಿಗೆ ಎದುರಾಗಿ ಎಷ್ಟು ವೇಗದಲ್ಲಿ ಈಜುತ್ತದೋ ಗಾಳಿ ಅದನ್ನು ಅಷ್ಟೇ ವೇಗದಲ್ಲಿ ಹಿಂದಕ್ಕೆ ತಳ್ಳುತ್ತದೆ, ಹಾಗಾಗಿ ನೆಲದ ಲೆಕ್ಕದಲ್ಲಿ ಅದು ನಿಂತಿರುತ್ತದೆ.

ಎಲ್ಲ ಬೆಟ್ಟವೂ ಎಲ್ಲ ದಿನವೂ ಅಲೆ ಎಬ್ಬಿಸುವುದಿಲ್ಲ. ಗಾಳಿ ಬೆಟ್ಟದ ಸಾಲಿಗೆ ಹೆಚ್ಚುಕಡಿಮೆ ಅಡ್ಡವಾಗಿ ಬೀಸಬೇಕು, 30 ಡಿಗ್ರಿ ಆಚೀಚೆ ಆದರೆ ಪರವಾಗಿಲ್ಲ. ಬೆಟ್ಟದ ತುದಿಯಲ್ಲಿ ಅದರ ವೇಗ ಸೆಕೆಂಡಿಗೆ 10 ಮೀಟರ್ ಆದರೂ ಇರಬೇಕು, ಮೇಲೆ ಹೋದಂತೆ ಇನ್ನೂ ಹೆಚ್ಚಬೇಕು. ತುದಿಯ ಮಟ್ಟದಲ್ಲೋ ಸ್ವಲ್ಪ ಮೇಲೋ ಸ್ಥಿರವಾದ ಪದರ ಇರಬೇಕು. ಕೆಳಗೆ ಸ್ಥಿರ, ಮೇಲೆ ಜೋರು ಗಾಳಿ ಅನ್ನುವ ಈ ಜೋಡಿ ಇದ್ದಾಗ ಅಲೆ ಮೇಲೆ ಸೋರಿಹೋಗದೆ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಆಗಲೇ ಅದು ಬೆಟ್ಟದ ಆಚೆ ಒಂದರ ಹಿಂದೊಂದು ನೆತ್ತಿಯಾಗಿ ಬಹುದೂರ ಹರಡುವುದು. ಬ್ರಿಟಿಷ್ ವಿಜ್ಞಾನಿ ರಿಚರ್ಡ್ ಸ್ಕೋರರ್ 1949ರಲ್ಲಿ ಇದಕ್ಕೆ ಗಣಿತ ಕಟ್ಟಿಕೊಟ್ಟರು.

ನೋಡಬೇಕಾದ್ದು ಏನು? ಲೆಂಟಿಕ್ಯುಲಾರ್ ಮೋಡ. ನುಣುಪಾದ ಅಂಚು, ನಡುವೆ ದಪ್ಪ, ಎರಡೂ ತುದಿ ತೆಳು. ಕೆಲವೊಮ್ಮೆ ಒಂದರ ಮೇಲೊಂದು ಮೂರು ನಾಲ್ಕು ಅಡಕಿಕೊಂಡಿರುತ್ತವೆ. ಒಂದೇ ಅಲೆಯಲ್ಲಿ ತೇವದ ಪದರ, ಒಣ ಪದರ, ಮತ್ತೆ ತೇವದ ಪದರ ಇದ್ದರೆ ಹೀಗಾಗುತ್ತದೆ, ಒಂದೊಂದು ತಟ್ಟೆಯೂ ಒಂದೊಂದು ತೇವದ ಪದರ. ಜಪಾನಿನ ಫೂಜಿ, ಅಮೆರಿಕದ ರೇನಿಯರ್ ಮುಂತಾದ ಒಂಟಿ ಶಿಖರಗಳು ಇದಕ್ಕೆ ಹೆಸರುವಾಸಿ. ಸಮುದ್ರದ ನಡುವಿನ ಒಂಟಿ ದ್ವೀಪವೂ ಇದೇ ಕೆಲಸ ಮಾಡುತ್ತದೆ. ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಆಮ್‌ಸ್ಟರ್‌ಡ್ಯಾಮ್ ಎಂಬ ಪುಟ್ಟ ದ್ವೀಪವಿದೆ, ಅದರ ಹಿಂದೆ ವಿ ಆಕಾರದಲ್ಲಿ ಹರಡಿದ ಮೋಡದ ಅಲೆಗಳನ್ನು ನಾಸಾ ಉಪಗ್ರಹ 2005ರಲ್ಲಿ ಚಿತ್ರ ತೆಗೆದಿದೆ. ಮೋಡದ ಅಲೆಯ ಚಿತ್ರಗಳಲ್ಲಿ ನನಗೆ ಅತಿ ಇಷ್ಟವಾದದ್ದು ಅದೇ.

ಈ ಅಲೆಗಳ ಬಲ ಸಣ್ಣದಲ್ಲ. 1933ರಲ್ಲಿ ಜರ್ಮನ್ ಗ್ಲೈಡರ್ ಪೈಲಟ್‌ಗಳು ಇವನ್ನು ಏರಿ ಮೇಲೆ ಹೋಗಬಹುದು ಎಂದು ಕಂಡುಕೊಂಡರು. 2018ರ ಸೆಪ್ಟೆಂಬರಿನಲ್ಲಿ ಪರ್ಲಾನ್ 2 ಅನ್ನುವ ಎಂಜಿನ್ ಇಲ್ಲದ ಗ್ಲೈಡರ್ ಅರ್ಜೆಂಟೀನಾದ ಆಂಡೀಸ್ ಅಲೆಗಳನ್ನು ಹಿಡಿದು 23 ಕಿಲೋಮೀಟರಿಗೂ ಮೇಲೆ ಹೋಯಿತು. ಪ್ರಯಾಣಿಕ ವಿಮಾನ ಹಾರುವ ಎತ್ತರದ ಎರಡು ಪಟ್ಟು! ಇದರ ಇನ್ನೊಂದು ಮುಖವೂ ಇದೆ. 1966ರ ಮಾರ್ಚ್ 5ರಂದು ಬ್ರಿಟಿಷ್ ಸಂಸ್ಥೆ ಬಿಒಎಸಿಯ 911 ಪ್ರಯಾಣಿಕ ವಿಮಾನ ಫೂಜಿಯ ಹತ್ತಿರ ಇಂಥ ಅಲೆಯ ಕುಲುಕಾಟಕ್ಕೆ ಸಿಕ್ಕಿ ಗಾಳಿಯಲ್ಲೇ ಮುರಿದು 124 ಜನ ಸತ್ತರು. ಅವತ್ತು ಬಾನು ತಿಳಿಯಾಗಿತ್ತು. ಮೋಡವಿಲ್ಲ ಅಂದ ಮಾತ್ರಕ್ಕೆ ಅಲೆ ಇಲ್ಲ ಅಂತಲ್ಲ.

ಅಲೆಯ ನೆತ್ತಿಯ ಕೆಳಗೆ, ನೆಲಕ್ಕೆ ಹತ್ತಿರ, ಹರಕು ಹರಕಾದ ಮೋಡವೊಂದು ಜಾಗ ಬಿಡದೆ ಸುತ್ತುತ್ತಿದ್ದರೆ ಅದು ರೋಟರ್. ಗಾಳಿ ಅಲ್ಲಿ ಉರುಳುತ್ತಿದೆ. ಪ್ಯಾರಾಗ್ಲೈಡಿಂಗ್, ಡ್ರೋನ್ ಹವ್ಯಾಸ ಇರುವವರು ಅವತ್ತು ಮನೆಯಲ್ಲೇ ಇರುವುದು ಒಳ್ಳೆಯದು.

ಹಂತ 6: ಸಣ್ಣ ಗೆರೆ, ಸುರುಳಿ ಅಲೆ

ಕೆಳಗಿನ ಪದರ ನಿಧಾನ, ಮೇಲಿನದು ವೇಗ. ನಡುವಿನ ಗಡಿಯಲ್ಲಿ ಸ್ವಲ್ಪ ಉಬ್ಬು ಎದ್ದರೆ ಮೇಲಿನ ಗಾಳಿ ಅದನ್ನು ಇನ್ನಷ್ಟು ಎಳೆಯುತ್ತದೆ. ಉಬ್ಬು ಅಲೆಯಾಗುತ್ತದೆ, ಅಲೆಯ ನೆತ್ತಿ ಮುಂದಕ್ಕೆ ಬಾಗುತ್ತದೆ, ಕೊನೆಗೆ ಸುರುಳಿ ಸುತ್ತಿ ಒಡೆಯುತ್ತದೆ. ಹೆಲ್ಮ್‌ಹೋಲ್ಟ್ಸ್ 1868ರಲ್ಲಿ, ಲಾರ್ಡ್ ಕೆಲ್ವಿನ್ 1871ರಲ್ಲಿ ಇದರ ಲೆಕ್ಕ ಬರೆದರು, ಹಾಗಾಗಿ ಇದಕ್ಕೆ ಕೆಲ್ವಿನ್-ಹೆಲ್ಮ್‌ಹೋಲ್ಟ್ಸ್ ಅಲೆ ಎಂದೇ ಹೆಸರು. ಸುರುಳಿ ಸ್ಪಷ್ಟವಾಗಿ ಕಾಣುವ ಮೋಡವನ್ನು 2017ರಲ್ಲಿ ಅಂತರರಾಷ್ಟ್ರೀಯ ಮೋಡಗಳ ಅಟ್ಲಾಸ್ ಫ್ಲಕ್ಟಸ್ ಎಂದು ಸೇರಿಸಿಕೊಂಡಿತು.

ಇಲ್ಲಿ ಎರಡು ಬಲಗಳ ಜಗ್ಗಾಟ ಇದೆ. ವೇಗದ ವ್ಯತ್ಯಾಸ ಗಡಿಯನ್ನು ಕದಡಲು ನೋಡುತ್ತದೆ, ಸ್ಥಿರತೆ ಅದನ್ನು ಮಟ್ಟ ಮಾಡಲು ನೋಡುತ್ತದೆ. ಇವೆರಡರ ಅನುಪಾತಕ್ಕೆ ರಿಚರ್ಡ್‌ಸನ್ ಸಂಖ್ಯೆ ಅಂತ ಹೆಸರು, ಅದು ಕಾಲು ಭಾಗಕ್ಕಿಂತ, ಅಂದರೆ 0.25ಕ್ಕಿಂತ ಕೆಳಗಿಳಿದರೆ ಅಲೆ ಏಳಲು ದಾರಿಯಾಯಿತು. ಸಾಮಾನ್ಯ ಭಾಷೆಯಲ್ಲಿ ಹೇಳಬೇಕೆಂದರೆ, ಸರಾಸರಿ ವಾತಾವರಣದಲ್ಲಿ ಪ್ರತಿ 100 ಮೀಟರ್ ಎತ್ತರಕ್ಕೆ ಗಾಳಿಯ ವೇಗ ಸೆಕೆಂಡಿಗೆ 2.2 ಮೀಟರ್‌ಗಿಂತ ಹೆಚ್ಚು ಬದಲಾಗಬೇಕು. ಉಷ್ಣತೆ ಬದಲಾಗದ ಗಟ್ಟಿ ಪದರವಾದರೆ ಸುಮಾರು 3.8 ಮೀಟರ್ ಬೇಕು.

ಇದರಿಂದ ನಿಮಗೆ ಸಿಗುವ ಮಾಹಿತಿ ಮಜವಾಗಿದೆ. ಇಂಥ ಅಲೆಗಳ ಅಂತರ ಆ ಗಡಿ ಪದರದ ದಪ್ಪದ ಸುಮಾರು ಏಳು ಪಟ್ಟು ಇರುತ್ತದೆ. ಹಂತ 3ರಲ್ಲಿ ನಿಮಗೆ 700 ಮೀಟರ್ ಸಿಕ್ಕಿತಲ್ಲ, ಅಂದರೆ ನಿಮ್ಮ ತಲೆಯ ಮೇಲೆ 4 ಕಿಲೋಮೀಟರ್ ಎತ್ತರದಲ್ಲಿ ಬರೀ 100 ಮೀಟರ್ ದಪ್ಪದ ಪದರವೊಂದರಲ್ಲಿ ಗಾಳಿ ಸೆಕೆಂಡಿಗೆ ಎರಡು ಮೂರು ಮೀಟರ್, ಇಲ್ಲಾ ಇನ್ನೂ ಜಾಸ್ತಿ, ವೇಗ ಬದಲಿಸುತ್ತಿದೆ. ಇಷ್ಟನ್ನು ಒಂದು ಮುಷ್ಟಿಯಿಂದ ಕಂಡುಹಿಡಿದಿರಿ. ಸುಮ್ನೆ ಅಲ್ಲ ಇದು!

ದಿಕ್ಕು ಹೇಗೆ? ಗೆರೆಗಳು ವೇಗದ ವ್ಯತ್ಯಾಸ ಇರುವ ದಿಕ್ಕಿಗೆ ಅಡ್ಡವಾಗಿ ಮಲಗಿರುತ್ತವೆ. ಪಕ್ಕದಿಂದ ಸುರುಳಿ ಕಂಡರೆ ಇನ್ನೂ ಸುಲಭ, ನೆತ್ತಿ ಬಾಗಿದ ಕಡೆಗೆ ಮೇಲಿನ ಗಾಳಿ ಓಡುತ್ತಿದೆ. ಆದರೆ ಪಕ್ಕದ ನೋಟ ಸಿಗುವುದು ಮೋಡ ದೂರದಲ್ಲಿ, ದಿಗಂತದ ಕಡೆ ಇದ್ದಾಗ ಮಾತ್ರ, ಸಿಕ್ಕರೂ ಕೆಲವೇ ನಿಮಿಷ. ಕ್ಯಾಮೆರಾ ಹುಡುಕಲು ಒಳಗೆ ಹೋದರೆ ಮುಗಿಯಿತು. ಮೊದಲು ಕಿಸೆಯಲ್ಲಿರುವ ಫೋನಿನಲ್ಲಿ ತೆಗೆಯಿರಿ.

ಹಂತ 7: ಟೈಮ್‌ಲ್ಯಾಪ್ಸ್ ಮಾಡಿ

ಫೋನನ್ನು ಟ್ರೈಪಾಡ್ ಮೇಲೋ ಗೋಡೆಗೆ ಒರಗಿಸಿಯೋ ಇಡಿ. ಕೈಯಲ್ಲಿ ಹಿಡಿದರೆ ಪ್ರಯೋಜನವಿಲ್ಲ. ಚೌಕಟ್ಟಿನ ಒಂದು ಮೂಲೆಯಲ್ಲಿ ಅಲುಗಾಡದ ವಸ್ತು ಇರಲಿ, ಅದಿಲ್ಲದಿದ್ದರೆ ಮೋಡ ನಿಂತಿದೆಯೋ ಓಡುತ್ತಿದೆಯೋ ಆಮೇಲೆ ಗೊತ್ತಾಗುವುದಿಲ್ಲ. ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಿ. ಐದು ಸೆಕೆಂಡಿಗೊಂದು ಚಿತ್ರದಂತೆ 20 ನಿಮಿಷ ತೆಗೆದರೆ 240 ಚಿತ್ರ, ಸೆಕೆಂಡಿಗೆ 24ರಂತೆ ಓಡಿಸಿದರೆ ಹತ್ತು ಸೆಕೆಂಡಿನ ವಿಡಿಯೋ. ಸುರುಳಿ ಅಲೆಗಾದರೆ ಎರಡು ಸೆಕೆಂಡಿಗೊಂದು ಇಡಿ, ಇಲ್ಲದಿದ್ದರೆ ಅದು ಒಡೆಯುವುದು ತಪ್ಪಿಹೋಗುತ್ತದೆ. ಲೆನ್ಸ್ ನೇರ ಸೂರ್ಯನ ಕಡೆ ಬೇಡ.

ಓಡಿಸುವಾಗ ಮೊದಲ ಸಲ ಗೆರೆಗಳನ್ನು ಮಾತ್ರ ನೋಡಿ. ಎರಡನೇ ಸಲ ಗೆರೆಯೊಳಗಿನ ಒಂದೇ ಒಂದು ಎಳೆಯನ್ನು ಹಿಡಿದು ಹಿಂಬಾಲಿಸಿ. ಎರಡರ ವೇಗ ಬೇರೆ ಅನ್ನಿಸಿದರೆ ಅಲೆ ಸಿಕ್ಕಿಬಿತ್ತು.

ಹಂತ 8: ಅಲೆಯಲ್ಲದ ಅಲೆಗಳನ್ನು ಬೇರೆ ಮಾಡಿ

ಗೆರೆ ಇದ್ದದ್ದೆಲ್ಲ ಅಲೆಯಲ್ಲ. ಬಿಸಿಲಿನ ದಿನ ಕೆಳಮಟ್ಟದ ಹತ್ತಿಯಂಥ ಕ್ಯುಮುಲಸ್ ಮೋಡಗಳು ಉದ್ದುದ್ದ ಸಾಲಾಗಿ ನಿಲ್ಲುತ್ತವೆ. ಇದಕ್ಕೆ ಕ್ಲೌಡ್ ಸ್ಟ್ರೀಟ್ ಎನ್ನುತ್ತಾರೆ. ಬಿಸಿಯಾದ ನೆಲದ ಮೇಲಿನ ಗಾಳಿ ಉದ್ದ ಉರುಳೆಗಳಾಗಿ ತಿರುಗುವುದರಿಂದ ಆಗುವ ಸಾಲು ಇದು. ಗುರುತು ಸುಲಭ: ಸಾಲು ಗಾಳಿಯ ದಿಕ್ಕಿಗೇ ಉದ್ದವಾಗಿರುತ್ತದೆ, ಅಡ್ಡವಾಗಿ ಅಲ್ಲ.

ಎತ್ತರದ ಮೋಡಗಳಲ್ಲಿ ಬೇರೆ ಮಾಡುವುದು ಇಷ್ಟು ಸುಲಭವಲ್ಲ. ತೆಳ್ಳನೆಯ ಮೋಡದ ಹಾಸು ಮೇಲಿನಿಂದ ಶಾಖ ಕಳೆದುಕೊಂಡು ತಣ್ಣಗಾದರೆ ಅದರೊಳಗೆ ಸಣ್ಣ ಸಣ್ಣ ಕೋಶಗಳಾಗಿ ಗಾಳಿ ಏರಿ ಇಳಿಯುತ್ತದೆ, ಗಾಳಿಯ ವೇಗದ ವ್ಯತ್ಯಾಸ ಆ ಕೋಶಗಳನ್ನು ಸಾಲಿಗೆ ಜೋಡಿಸುತ್ತದೆ. ಅಂಚು ನೋಡಿ. ನಿಜವಾದ ಅಲೆಯ ಅಂಚು ನುಣುಪು. ಕೋಶಗಳ ಅಂಚು ಗಂಟು ಗಂಟು. ಒಂದೇ ಹಾಸಿನಲ್ಲಿ ಎರಡೂ ಬೆರೆತಿರುವುದು ತೀರ ಮಾಮೂಲು, ಆಗ ತಲೆ ಕೆಡಿಸಿಕೊಳ್ಳಬೇಡಿ, ಎರಡನ್ನೂ ಬರೆದುಕೊಳ್ಳಿ.

ಆಸ್ಪೆರಿಟಾಸ್ ಅನ್ನುವುದೂ ಒಂದಿದೆ. ಮೋಡದ ತಳ ಒರಟಾಗಿ, ಒಂದು ಕ್ರಮವಿಲ್ಲದೆ ಏರಿಳಿಯುತ್ತದೆ, ನೋಡಲು ಭಯವಾಗುವ ಹಾಗಿರುತ್ತದೆ. ಇದೂ 2017ರಲ್ಲೇ ಅಟ್ಲಾಸಿಗೆ ಸೇರಿತು. ಇದು ಅಲೆಯೇ, ಆದರೆ ಸಾಲು ಹಿಡಿದಿರುವುದಿಲ್ಲ, ಹಾಗಾಗಿ ಮುಷ್ಟಿ ಲೆಕ್ಕ ನಡೆಯುವುದಿಲ್ಲ. ಕಂಡರೆ ಸುಮ್ನೆ ನೋಡಿ ಖುಷಿಪಡಿ.

ಹಂತ 9: ಉರುಳಿ ಬರುವ ಒಂಟಿ ಮೋಡ

ಸಾಲಲ್ಲದೆ ಒಂದೇ ಒಂದು ಉದ್ದನೆಯ ಕೊಳವೆಯಂಥ ಮೋಡ ದಿಗಂತದಿಂದ ದಿಗಂತದವರೆಗೆ ಚಾಚಿಕೊಂಡು ನಿಮ್ಮ ಕಡೆಗೆ ಬಂದರೆ? ಅದು ವಾಲ್ಯುಟಸ್, ರೋಲ್ ಕ್ಲೌಡ್. ನೆಲದ ಹತ್ತಿರದ ಸ್ಥಿರ ಗಾಳಿಯೊಳಗೆ ತಂಪು ಗಾಳಿ ನುಗ್ಗಿದಾಗ ಏಳುವ ಒಂಟಿ ಅಲೆ. ಮುಂದಿನ ಅಂಚಿನಲ್ಲಿ ಗಾಳಿ ಏರುತ್ತದೆ, ಹಿಂದಿನ ಅಂಚಿನಲ್ಲಿ ಇಳಿಯುತ್ತದೆ, ಹಾಗಾಗಿ ಮೋಡ ಮುಂದೆ ಬರುತ್ತಿದ್ದರೂ ಹಿಂದಕ್ಕೆ ಉರುಳುತ್ತಿರುವಂತೆ ಕಾಣುತ್ತದೆ. ಜಗತ್ತಿನಲ್ಲಿ ಇದನ್ನು ನೆಚ್ಚಿಕೊಂಡು ನೋಡಲು ಹೋಗಬಹುದಾದ ಜಾಗ ಆಸ್ಟ್ರೇಲಿಯಾದ ಬರ್ಕ್‌ಟೌನ್, ಕಾರ್ಪೆಂಟೇರಿಯಾ ಕೊಲ್ಲಿಯ ದಂಡೆ. ಸೆಪ್ಟೆಂಬರ್, ಅಕ್ಟೋಬರಿನ ಮುಂಜಾವಿನಲ್ಲಿ ಅಲ್ಲಿ ಬರುವ ಮಾರ್ನಿಂಗ್ ಗ್ಲೋರಿ ಮೋಡ 1000 ಕಿಲೋಮೀಟರ್ ತನಕ ಉದ್ದ ಇರುತ್ತದೆ, ಗ್ಲೈಡರ್‌ನವರು ಅದರ ಮುಂದಿನ ಅಂಚು ಹಿಡಿದು ಹಾರುತ್ತಾರೆ.

ಒಂದು ಎಚ್ಚರಿಕೆ. ಇದೇ ಥರ ಕಾಣುವ ಶೆಲ್ಫ್ ಕ್ಲೌಡ್ ಬೇರೆ. ಅದರ ಹಿಂಭಾಗ ಗುಡುಗುಮೋಡಕ್ಕೆ ಅಂಟಿಕೊಂಡಿರುತ್ತದೆ. ಅದು ಬಂತೆಂದರೆ ಹಿಂದೆಯೇ ಬಿರುಗಾಳಿ, ಸಿಡಿಲು. ಹಿಂದೆ ಬಾನು ತಿಳಿಯಾಗಿದ್ದರೆ ನಿಂತು ನೋಡಿ, ಕಪ್ಪಗಿದ್ದರೆ ಒಳಗೆ ನಡೆಯಿರಿ.

ಹಂತ 10: ಉಪಗ್ರಹ ಮತ್ತು ಬಲೂನಿನ ಜೊತೆ ತಾಳೆ ನೋಡಿ

ನಾಸಾ ವರ್ಲ್ಡ್‌ವ್ಯೂ ತಾಣ ಉಚಿತ. ಅವತ್ತಿನ ಚಿತ್ರ ತೆರೆದು ನೀವಿರುವ ಜಾಗ ಹುಡುಕಿ. ದೂರ ಅಳೆಯುವ ಸೌಲಭ್ಯವೂ ಅದರಲ್ಲೇ ಇದೆ. ಐದಾರು ಪಟ್ಟಿಗಳ ಒಟ್ಟು ದೂರ ಅಳೆದು ಭಾಗಿಸಿ, ಒಂದೊಂದನ್ನೇ ಅಳೆದರೆ ತಪ್ಪು ಜಾಸ್ತಿ. ಅಂತರ 12 ಕಿಲೋಮೀಟರ್ ಬಂತು ಅನ್ನಿ. 600 ಸೆಕೆಂಡಿನಿಂದ ಭಾಗಿಸಿ, ಸೆಕೆಂಡಿಗೆ 20 ಮೀಟರ್, ಗಂಟೆಗೆ 72 ಕಿಲೋಮೀಟರ್. ಆ ಎತ್ತರದ ಗಾಳಿಯ ವೇಗ ಅಷ್ಟಿರಬೇಕು. ಭೂಸ್ಥಿರ ಉಪಗ್ರಹಗಳ ನೀರಾವಿ ಚಿತ್ರವನ್ನೂ ನೋಡಿ, ಮೋಡ ಕಟ್ಟದ ಕಡೆಯೂ ಅದರಲ್ಲಿ ಅಲೆಗಳ ಪಟ್ಟೆ ಕಾಣುವುದುಂಟು. ನೀವು ನೆತ್ತಿಯ ಮೇಲೆ ಕಂಡ 700 ಮೀಟರ್ ಗೆರೆಗಳನ್ನು ಮಾತ್ರ ಅಲ್ಲಿ ಹುಡುಕಬೇಡಿ, ಉಪಗ್ರಹ ಚಿತ್ರದ ಒಂದೊಂದು ಚುಕ್ಕೆಯೂ ನೂರಾರು ಮೀಟರ್ ಅಗಲ, ಅಷ್ಟು ಸಣ್ಣ ಗೆರೆಗಳು ಅದರಲ್ಲಿ ಸರಿಯಾಗಿ ಮೂಡುವುದಿಲ್ಲ.

ಇನ್ನು ಬಲೂನ್. ಜಗತ್ತಿನ ನೂರಾರು ಕೇಂದ್ರಗಳಿಂದ ದಿನಕ್ಕೆ ಎರಡು ಸಲ, ಯುಟಿಸಿ (ಜಾಗತಿಕ ಪ್ರಮಾಣ ಸಮಯ) 00 ಮತ್ತು 12 ಗಂಟೆಯ ಲೆಕ್ಕಕ್ಕೆ, ಹವಾಮಾನ ಬಲೂನ್ ಬಿಡುತ್ತಾರೆ. ಅದರ ಅಂಕಿಗಳು ವಯೋಮಿಂಗ್ ವಿಶ್ವವಿದ್ಯಾಲಯದ ತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ಹತ್ತಿರದ ಕೇಂದ್ರ ಆರಿಸಿ ಮೂರು ವಿಷಯ ನೋಡಿ. ಉಷ್ಣತೆ ಎಲ್ಲಿ ಕಡಿಮೆಯಾಗುವುದನ್ನು ನಿಲ್ಲಿಸಿದೆ? ಅದು ಸ್ಥಿರ ಪದರ. ಉಷ್ಣತೆ ಮತ್ತು ಇಬ್ಬನಿ ಬಿಂದು ಎಲ್ಲಿ ಹತ್ತಿರ ಬಂದಿವೆ? ಅಲ್ಲೇ ಮೋಡ. ಗಾಳಿಯ ವೇಗವೋ ದಿಕ್ಕೋ ಎಲ್ಲಿ ತಟ್ಟನೆ ಬದಲಾಗಿದೆ? ಈ ಮೂರೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಸಿಕ್ಕರೆ ನಿಮ್ಮ ಸಣ್ಣ ಗೆರೆಗಳ ಹುಟ್ಟೂರು ಅದೇ.

ಬಲೂನ್ ಏರಿದ್ದು ನೂರಾರು ಕಿಲೋಮೀಟರ್ ದೂರದಲ್ಲಿ, ಅದೂ ಕೆಲವು ಗಂಟೆ ಹಿಂದೆ. ಹಾಗಾಗಿ ವೇಗದಲ್ಲಿ ಸೆಕೆಂಡಿಗೆ ಮೂರು ನಾಲ್ಕು ಮೀಟರ್ ಆಚೀಚೆ ಆದರೆ ಚಿಂತೆಯಿಲ್ಲ. ಆದರೆ ನೀವು ಅಂದುಕೊಂಡ ಎತ್ತರದ ಹತ್ತಿರ ಸ್ಥಿರ ಪದರವೇ ಇಲ್ಲ, ಎರಡು ಕಿಲೋಮೀಟರ್ ಮೇಲೆ ಚೆನ್ನಾಗಿ ಕಾಣುತ್ತಿದೆ ಅಂದರೆ ಮೊದಲು ಅನುಮಾನ ಪಡಬೇಕಾದ್ದು ಎತ್ತರದ ಅಂದಾಜನ್ನೇ. ಅದನ್ನು ಬದಲಿಸಿ, ಗೆರೆಗಳ ಅಂತರ ಮತ್ತು ವೇಗವನ್ನು ಹೊಸದಾಗಿ ಹಾಕಿ ನೋಡಿ. 4ರ ಬದಲು 6 ಕಿಲೋಮೀಟರ್ ಆದರೆ ಅದೇ ಒಂದು ಮುಷ್ಟಿ 1 ಕಿಲೋಮೀಟರ್ ದಾಟುತ್ತದೆ, 70 ಸೆಕೆಂಡಿನ ಲೆಕ್ಕದಲ್ಲಿ ಗಾಳಿ ಸೆಕೆಂಡಿಗೆ 15 ಮೀಟರ್ ಆಗುತ್ತದೆ. ಬಲೂನಿನ ಅಂಕಿಗೆ ಅದು ಹೊಂದಿಕೊಂಡರೆ ಎತ್ತರವೂ ಸರಿಹೋಯಿತು, ವೇಗವೂ ಸಿಕ್ಕಿತು.